ಹೊಸ ನೀರು ಜೀರುಂಡೆಗೆ ಹೆಸರಿಡುವುದು ಹೇಗೆ?

ಊರಿಗಾಂ ಕಡೆಯ ಕೆರೆಯೊಂದರಲ್ಲಿ ಮೂರು ಮಿಲಿಮೀಟರಿನ ಜೀರುಂಡೆ ಸಿಕ್ಕಿತೆನ್ನಿ. ಪುಸ್ತಕದಲ್ಲಿ ಇಲ್ಲವೆಂದ ಮಾತ್ರಕ್ಕೆ ಅದು ಹೊಸ ಪ್ರಭೇದವಲ್ಲ. ಫೋಟೊ ಕೂಡ ಸಾಲದು. ಒಂದೇ ಥರ ಕಾಣುವ ಜೀರುಂಡೆಗಳ ವ್ಯತ್ಯಾಸ ಹಲವು ಸಲ ಗಂಡಿನ ಜನನಾಂಗದ ಆಕಾರದಲ್ಲಷ್ಟೇ ಇರುತ್ತದೆ. ಅದನ್ನು ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಬೇಕು. ಹಳೆಯ ಮಾದರಿಗಳೊಂದಿಗೆ ಹೋಲಿಸಬೇಕು. ನಿಜವಾದ ತಲೆನೋವು ಇದೇ: ಬ್ರಿಟಿಷರ ಕಾಲದಲ್ಲಿ ಭಾರತದಿಂದ ಹೋದ ಎಷ್ಟೋ ಮಾದರಿಗಳು ಲಂಡನ್ನಿನಲ್ಲಿವೆ. ಬಳಿಕ ಒಂದು ಹುಳುವನ್ನು 'ಹೋಲೋಟೈಪ್' ಎಂದು ಗುರುತಿಸಿ ವಿವರಣೆ ಪ್ರಕಟಿಸಬೇಕು. 2002ರ ಜೀವವೈವಿಧ್ಯ ಕಾಯ್ದೆಯಂತೆ ಮಾದರಿಯನ್ನು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ಒಪ್ಪಿಸಬೇಕು.

ಕೋಲಾರದ ಕೆರೆಗಳಿಗೆ 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬರುತ್ತಿದೆ. ಅದರಿಂದ ಯಾವ ಹುಳು ಹೋಯಿತು, ಯಾವುದು ಬಂತು ಎಂದು ಹೇಳಲು ಅದಕ್ಕೂ ಮುಂಚಿನ ಮಾದರಿಗಳೇ ಬೇಕು, ಸ್ಥಳ ಮತ್ತು ದಿನಾಂಕದ ಚೀಟಿ ಸಮೇತ.