ಮತಕ್ಕೂ ಮತಕ್ಕೂ ಗಂಟು ಹಾಕುವವರಿಗೆ

ಕನ್ನಡದಲ್ಲಿ ‘ಮತ’ವೆಂದರೆ ನಂಬಿದ ಧರ್ಮವೂ ಹೌದು, ಚುನಾವಣೆಯಲ್ಲಿ ಹಾಕುವ ಓಟೂ ಹೌದು. ಶಬ್ದ ಒಂದಾದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ನಮ್ಮ ಪಕ್ಷಗಳು ತಿಳಿದಂತಿದೆ. ಆ ತಪ್ಪು ತಿಳಿವಳಿಕೆಯ ಫಲವನ್ನು ಲಿಂಗಾಯತ ಸ್ವತಂತ್ರ ಧರ್ಮದ ಪ್ರಶ್ನೆಯಲ್ಲಿ ನಾವು ಕಂಡಿದ್ದೇವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಕನ್ನಡಿಗರಾದ ನಮಗೆ ಇದು ದೂರದ ಸುದ್ದಿಯಲ್ಲ. 2017ರಲ್ಲಿ ಬೀದರಿನ ಸಮಾವೇಶದಲ್ಲಿ ಎದ್ದ ಕೂಗು ಕೆಲವೇ ವಾರಗಳಲ್ಲಿ ಗಡಿ ದಾಟಿ ಲಾತೂರಿನಲ್ಲಿಯೂ ಕೇಳಿಸಿತು.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಲಿಂಗಾಯತವು ಸ್ವತಂತ್ರ ಧರ್ಮವೇ, ವೀರಶೈವವೂ ಲಿಂಗಾಯತವೂ ಒಂದೇ, ಎರಡೂ ಹಿಂದೂ ಧರ್ಮದ ಅಂಗಗಳೇ ಎಂಬ ಚರ್ಚೆ ಹಳೆಯದು, ಗಂಭೀರವಾದುದು. ಬಸವಣ್ಣನವರನ್ನು ಧರ್ಮಗುರುವೆಂದು ನಂಬಿದವರಿಗೂ ಪಂಚಾಚಾರ್ಯ ಪರಂಪರೆಯನ್ನು ನಂಬಿದವರಿಗೂ ತಂತಮ್ಮ ಧರ್ಮದ ಹೆಸರನ್ನು ಹೇಳಿಕೊಳ್ಳುವ ಹಕ್ಕಿದೆ. ನಮ್ಮ ತಕರಾರು ನಂಬಿದವರೊಡನೆ ಅಲ್ಲ. ಆ ನಂಬಿಕೆಯನ್ನು ಓಟಿನ ಲೆಕ್ಕಕ್ಕೆ ಹಚ್ಚಿದವರೊಡನೆ.

ನಿವೃತ್ತ ನ್ಯಾಯಮೂರ್ತಿ ನಾಗಮೋಹನದಾಸ್ ಅವರ ಸಮಿತಿ ರಚನೆಯಾದದ್ದು 2017ರ ಡಿಸೆಂಬರಿನಲ್ಲಿ. 2018ರ ಮಾರ್ಚ್ 19ರಂದು ಕರ್ನಾಟಕದ ಸಚಿವ ಸಂಪುಟವು ಅದರ ವರದಿಯನ್ನು ಒಪ್ಪಿ, ಕೇಂದ್ರಕ್ಕೆ ಶಿಫಾರಸು ಮಾಡಲು ನಿರ್ಧರಿಸಿತು. ಎಂಟು ದಿನಗಳಲ್ಲಿ ಚುನಾವಣೆ ಘೋಷಣೆಯಾಯಿತು. ಶತಮಾನಗಳ ಪ್ರಶ್ನೆಗೆ ಚುನಾವಣೆಯ ಹೊಸ್ತಿಲಲ್ಲಿ ಉತ್ತರ ಬರೆಯುವ ಅವಸರವೇಕೆ? ಇತ್ತ ‘ಸಮಾಜವನ್ನು ಒಡೆದರು’ ಎಂದು ಹುಯಿಲಿಟ್ಟ ಪಕ್ಷವೂ ಎಣಿಸುತ್ತಿದ್ದುದು ಅದೇ ಸಮುದಾಯದ ಓಟುಗಳನ್ನೇ. ಯಡಿಯೂರಪ್ಪನವರು ಹೊರನಡೆದಿದ್ದ 2013ರಲ್ಲಿ ಆ ಪಕ್ಷಕ್ಕೆ ದಕ್ಕಿದ್ದು 40 ಸ್ಥಾನ. ಅವರು ಮರಳಿ ಬಂದಿದ್ದ 2018ರಲ್ಲಿ 104.

ಶಿಫಾರಸು ಮಾಡಿದ ಕಾಂಗ್ರೆಸ್ಸು 122ರಿಂದ 80ಕ್ಕೆ ಇಳಿಯಿತು. ಆದರೆ ಅದರ ಮತಪ್ರಮಾಣ ಶೇಕಡ 36ರಿಂದ 38ಕ್ಕೆ ಏರಿತ್ತು. ಆದುದರಿಂದ ಈ ಒಂದೇ ಪ್ರಶ್ನೆ ಅದನ್ನು ಸೋಲಿಸಿತೆಂಬುದು ಸರಿಯಲ್ಲ. ಗೆಲ್ಲಿಸುವುದೆಂಬ ಎಣಿಕೆಯಂತೂ ಸುಳ್ಳಾಯಿತು. ಧರ್ಮದ ವಿಷಯದಲ್ಲಿ ಸರ್ಕಾರ ಕೈಹಾಕಿದ್ದು ತಪ್ಪೆಂದು ಅದೇ ಪಕ್ಷದ ಡಿ.ಕೆ. ಶಿವಕುಮಾರ್ ಅವರು ಅದೇ ವರ್ಷ ಬಹಿರಂಗವಾಗಿ ಹೇಳಿದರು. ಕೇಂದ್ರವೂ ಶಿಫಾರಸನ್ನು ಒಪ್ಪಲಿಲ್ಲ. ನಮ್ಮ ಸೊಲ್ಲಾಪುರದಲ್ಲಿಯೂ ನಡೆದದ್ದನ್ನು ನೋಡಿರಿ. 2019ರಲ್ಲಿ ಗೌಡಗಾಂವ ಮಠದ ಸ್ವಾಮಿಗಳು ಲೋಕಸಭೆಗೆ ಆರಿಸಿಬಂದರು; 2024ರಲ್ಲಿ ಅದೇ ಕ್ಷೇತ್ರ ಎದುರು ಪಕ್ಷವನ್ನು ಗೆಲ್ಲಿಸಿತು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ತನ್ನ ಓಟನ್ನು ಯಾರಿಗೂ ಕಟ್ಟಿಕೊಟ್ಟಿಲ್ಲ.

ಮತದಾರನಿಗಿರುವ ಈ ವಿವೇಕ ಮುಖಂಡರಿಗೆ ಇದ್ದಿದ್ದರೆ ನಾವು ಲೇಖನಿ ಹಿಡಿಯಬೇಕಿರಲಿಲ್ಲ. ಈ ಜಗ್ಗಾಟದಲ್ಲಿ ಗಡಿನಾಡಿಗರು ಕಳೆದುಕೊಳ್ಳುತ್ತಿರುವುದು ಬೇರೆಯೇ ಇದೆ. ಶಾಲೆಯ ದಾಖಲಾತಿ ಪುಸ್ತಕ ಬರೆದು ಕೈ ಸವೆಸಿಕೊಂಡವರು ನಾವು. ಧರ್ಮ, ಜಾತಿಯ ಕಾಲಮು ಬಂದಾಗ ಪಾಲಕರು ಅಕ್ಷರ ಅಕ್ಷರ ನೋಡಿ ಬರೆಸುತ್ತಿದ್ದರು. ಮಾತೃಭಾಷೆ ಯಾವುದೆಂದು ಕೇಳಿದರೆ, “ಏನರ ಬರಕೋರ್ರಿ ಗುರುಗಳ” ಎಂದು ಕನ್ನಡದಲ್ಲಿಯೇ ಹೇಳಿ ಎದ್ದು ಹೋಗುತ್ತಿದ್ದರು! 2025ರಲ್ಲಿ ಕರ್ನಾಟಕದ ಸಮೀಕ್ಷೆ ನಡೆದಾಗಲೂ ಧರ್ಮದ ಕಾಲಮಿನಲ್ಲಿ ಏನು ಬರೆಸಬೇಕೆಂದು ಮಠಗಳೂ ಸಂಘಟನೆಗಳೂ ವಾದಿಸಿದವು. ಭಾಷೆಯ ಕಾಲಮಿಗೆ ವಕೀಲರಿಲ್ಲ.

ಕರ್ನಾಟಕದೊಳಗಿನವರು ಅದನ್ನು ಮರೆತರೂ ನಡೆದೀತು, ನಮಗೆ ನಡೆಯದು. ಕನ್ನಡ ಶಾಲೆ, ಕನ್ನಡ ಶಿಕ್ಷಕ, ಭಾಷಾ ಅಲ್ಪಸಂಖ್ಯಾತರ ಸವಲತ್ತು, ಇವೆಲ್ಲವೂ ನಿಂತಿರುವುದು ನಮ್ಮ ಎಣಿಕೆಯ ಮೇಲೆ. ಆ ಎಣಿಕೆಯಲ್ಲಿ ಲಿಂಗಾಯತನ ಪಕ್ಕಕ್ಕೆ ಕುರುಬ, ಜೈನ, ದಲಿತ, ಕನ್ನಡ ಮನೆಮಾತಿನ ಮುಸಲ್ಮಾನ ಎಲ್ಲರೂ ನಿಲ್ಲುತ್ತಾರೆ. ಜತ್ತದ ಗಡಿಹಳ್ಳಿಗಳು ಕರ್ನಾಟಕ ಸೇರುವ ಮಾತೆತ್ತಿದ್ದು ನೀರಿಗಾಗಿ. ಬತ್ತಿದ ಬಾವಿಗೆ ಧರ್ಮದ ಭೇದವಿಲ್ಲ.

2027ರ ಜನಗಣತಿ ಬರುತ್ತಿದೆ. ಧರ್ಮದ ಕಾಲಮಿನಲ್ಲಿ ನಿಮ್ಮ ಅಂತಃಸಾಕ್ಷಿ ಹೇಳಿದ್ದನ್ನು ಬರೆಸಿರಿ. ಅದನ್ನು ಹೇಳಿಕೊಡಲು ಯಾವ ಪಕ್ಷಕ್ಕೂ ಅಧಿಕಾರವಿಲ್ಲ. ಮಾತೃಭಾಷೆಯ ಕಾಲಮಿನಲ್ಲಿ ಕನ್ನಡವೆಂದು ಬರೆಸಿ, ಬರೆದುದನ್ನು ಓದಿಸಿ ಕೇಳಿರಿ. ಓಟು ಕೇಳಲು ಬಂದವರು ನಿಮ್ಮ ಧರ್ಮ ಯಾವುದೆಂದು ವಿಚಾರಿಸಿದರೆ, ನಮ್ಮೂರ ಕನ್ನಡ ಶಾಲೆಗೆ ಶಿಕ್ಷಕರು ಯಾವಾಗ ಬರುತ್ತಾರೆಂದು ಅವರನ್ನು ವಿಚಾರಿಸಿರಿ.