ಹೇಳಿಕೊಳ್ಳಲಾರದ ನೋವು



ಅಥಣಿ ಸೀಮೆಯ ಅನಂತಪುರದಲ್ಲಿ ಒಂದು ಶ್ರಾವಣದಲ್ಲಿ ನಾವು ಪುರಾಣ ಹೇಳುತ್ತಿದ್ದೆವು. ಐವತ್ತು ದಾಟಿದ ತಾಯಿಯೊಬ್ಬರು ದಿನವೂ ಬಾಗಿಲ ಬಳಿಯೇ ಕುಳಿತು, ನಡುವೆ ಎರಡು ಮೂರು ಬಾರಿ ಎದ್ದು ಹೋಗುತ್ತಿದ್ದರು. ಮಂಗಲದ ದಿನ ಅವರೇ ಬಂದು, "ಶಾಸ್ತ್ರಿಗಳ, ನಾ ಅರ್ಧಕ್ಕ ಎದ್ದು ಹೋಗ್ತೀನಂತ ಸಿಟ್ಟಾಗಬ್ಯಾಡ್ರಿ. ಕಿಬ್ಬೊಟ್ಟಿ ಉರೀತೈತ್ರಿ. ಒಂದಕ್ಕ ಹೋಗಿಬಂದ್ರ ಕಡಿಮಿ ಆಗ್ತೈತಿ, ಸ್ವಲ್ಪ ಹೊತ್ತಿಗೆ ಮತ್ತ ಸುರು. ಲಿಂಗಪೂಜಿಗೂ ಕುಂದರಾಕ ಆಗವಲ್ದು" ಎಂದು ಕಣ್ಣೀರು ತಂದರು. ನಾಲ್ಕು ವರ್ಷಗಳಿಂದ ಅವರು ಮನೆಯವರಿಗೂ ಪೂರ್ತಿ ಹೇಳಿರಲಿಲ್ಲ. ಉರಿಮೂತ್ರವೆಂದು ತಿಳಿದು ಅಂಗಡಿಯ ಗುಳಿಗೆ ನುಂಗಿದ್ದರು; ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ನಾವು ವೈದ್ಯರಲ್ಲ. ಆ ತಾಯಿಯ ನಿಮಿತ್ತ ಬಲ್ಲ ವೈದ್ಯರಿಂದ ತಿಳಿದುಕೊಂಡುದನ್ನು ಇಲ್ಲಿ ನಿವೇದಿಸುತ್ತೇವೆ. ಮೂತ್ರಕೋಶ ತುಂಬಿದಂತೆ ನೋವು ಹೆಚ್ಚಿ, ಬರಿದಾದಾಗ ತಗ್ಗುವುದು. ಹಗಲಿರುಳು ಪದೇ ಪದೇ ಅವಸರವಾಗುವುದು. ಪರೀಕ್ಷೆಯಲ್ಲಿ ಮಾತ್ರ ಸೋಂಕು ಕಾಣದಿರುವುದು. ಇಂಥ ಬೇನೆ ಆರು ವಾರ ಮೀರಿದರೆ ಅದು ಮೂತ್ರಕೋಶದ ದೀರ್ಘಕಾಲದ ನೋವಿನ ರೋಗವಿರಬಹುದು. ವೈದ್ಯಶಾಸ್ತ್ರವು 1887ರಲ್ಲಿಯೇ ಇದಕ್ಕೆ 'ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್' ಎಂದು ಹೆಸರಿಟ್ಟಿದೆ. ಆದುದರಿಂದ ಇದು ಮನಸ್ಸಿನ ಭ್ರಮೆಯಲ್ಲ. ಸ್ತ್ರೀಯರಲ್ಲಿ ಹೆಚ್ಚು, ಪುರುಷರಿಗೂ ತಪ್ಪಿದ್ದಲ್ಲ. ಸೋಂಕೇ ಇಲ್ಲದೆಡೆ ಆಂಟಿಬಯೋಟಿಕ್ ಗುಳಿಗೆಗಳನ್ನು ಮತ್ತೆ ಮತ್ತೆ ನುಂಗುವುದರಿಂದ ಹಾನಿಯೇ ಹೊರತು ಗುಣವಿಲ್ಲ.

ಮೊದಲು ಬೇರೆ ರೋಗಗಳಿಲ್ಲವೆಂದು ಖಚಿತವಾಗಬೇಕು. ಹರಳು, ಸಕ್ಕರೆ ರೋಗ, ಮೂತ್ರಾಂಗಗಳ ಕ್ಷಯ ಇವೂ ಇದೇ ಲಕ್ಷಣ ತೋರುತ್ತವೆ. ಮೂತ್ರದಲ್ಲಿ ರಕ್ತ ಕಂಡರೆ, ಜ್ವರ ಬಂದರೆ ತಡಮಾಡಲಾಗದು. ತಂಬಾಕಿನ ಚಟವುಳ್ಳವರಂತೂ ರಕ್ತ ಒಮ್ಮೆ ಕಂಡು ನಿಂತಿತೆಂದು ಸುಮ್ಮನಿರಬಾರದು. ಮಿರಜವಾಗಲಿ, ಬೆಳಗಾವಿಯಾಗಲಿ, ಮೂತ್ರರೋಗ ತಜ್ಞರಿದ್ದಲ್ಲಿಗೆ ಹೋಗಬೇಕು.

ಇನ್ನು ಮನೆಯ ಪಥ್ಯ. ನೀರು ಬಿಡಬಾರದು; ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಉರಿ ಹೆಚ್ಚುವುದು. ಒಮ್ಮೆಲೇ ತಂಬಿಗೆಗಟ್ಟಲೆ ಕುಡಿಯದೆ, ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಕುಡಿದು, ಮಲಗುವ ಮುನ್ನ ಎರಡು ತಾಸು ತಗ್ಗಿಸಬೇಕು. ಚಹಾ, ಕಾಫಿ, ಹೆಚ್ಚು ಖಾರ, ಲಿಂಬೆ, ಟೊಮೆಟೊ ಹಲವರಿಗೆ ಒಗ್ಗವು. ಎಲ್ಲರಿಗೂ ಎಲ್ಲವೂ ಬಾಧಿಸುವುದಿಲ್ಲ. ಕೆಲವು ವಾರ ಬಿಟ್ಟು, ಒಂದೊಂದಾಗಿ ತಿಂದು ನೋಡಿದರೆ ತಮ್ಮ ವೈರಿ ಯಾವುದೆಂದು ತಿಳಿಯುವುದು. ಹೋದ ವೇಳೆಯನ್ನು ಎರಡು ಮೂರು ದಿನ ಹಾಳೆಯ ಮೇಲೆ ಬರೆದಿಟ್ಟರೆ ವೈದ್ಯರಿಗೂ ಅನುಕೂಲ. ನೋವು ಹತೋಟಿಗೆ ಬಂದ ಮೇಲೆ ಆ ಅಂತರವನ್ನು ಹತ್ತು ಹದಿನೈದು ನಿಮಿಷಗಳಂತೆ ಮೆಲ್ಲಗೆ ಬೆಳೆಸಬೇಕು, ಹಟದಿಂದ ಕಟ್ಟಿಹಿಡಿಯಬಾರದು. ಕಿಬ್ಬೊಟ್ಟೆಗೆ ಬಿಸಿನೀರಿನ ಚೀಲದ ಶಾಖವೂ ಹಿತಕರ. ಇಷ್ಟಕ್ಕೂ ತಗ್ಗದಿದ್ದರೆ ವೈದ್ಯರಲ್ಲಿ ಬೇರೆ ಔಷಧೋಪಚಾರಗಳುಂಟು.

ಆ ತಾಯಿಗೆ ಇನ್ನೊಂದು ಅಳುಕಿತ್ತು. ಪ್ರತಿ ಸಲವೂ ಮತ್ತೆ ಸ್ನಾನ ಮಾಡದೆ ಇಷ್ಟಲಿಂಗವನ್ನು ಮುಟ್ಟುವುದೆಂತು? ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನೇ ಶರಣರು ತೊರೆದರು. ಹೀಗಿರಲು ರೋಗಕ್ಕೆ ಸೂತಕವೆಲ್ಲಿಯದು? ಕೈಕಾಲು ತೊಳೆದು, ವಿಭೂತಿ ಧರಿಸಿ ಕುಳಿತರೆ ಸಾಕು. ನಡುವೆ ಏಳಬೇಕಾದರೆ ಎದ್ದು ಬಂದು ಮುಂದುವರಿಸಲಿ ಎಂದೆವು.

ಮನೆಯವರಿಗೂ ಒಂದು ಮಾತು. ಅತ್ತೆಯಾಗಲಿ ಸೊಸೆಯಾಗಲಿ ಪದೇ ಪದೇ ಎದ್ದರೆ ನಗಬೇಡಿರಿ, ಗದರಬೇಡಿರಿ. ನೋವುಂಟೇ ಎಂದು ಕೇಳಿರಿ. ಜಾತ್ರೆ, ಪುರಾಣಗಳನ್ನು ನಡೆಸುವವರು ತಾಯಂದಿರಿಗೆ ಹತ್ತಿರದಲ್ಲಿಯೇ ಶೌಚಾಲಯದ ಏರ್ಪಾಡು ಮಾಡಿರಿ. ಅದೂ ದಾಸೋಹವೇ.

ಆ ತಾಯಿಯ ಬೇನೆ ಪೂರ್ತಿ ಹೋಗಿಲ್ಲ. ಆದರೆ ಮಗನೇ ಮುಂದಾಗಿ ದವಾಖಾನೆಗೆ ಕರೆದೊಯ್ದನು. ಮರುವರ್ಷದ ಪುರಾಣದಲ್ಲಿ ಅವರು ಬಾಗಿಲು ಬಿಟ್ಟು ನಡುವೆ ಬಂದು ಕುಳಿತಿದ್ದರು. ಒಮ್ಮೆ ಎದ್ದು ಹೋದರು. ಮರಳಿ ಬಂದಾಗ ಪಕ್ಕದವರು ಸರಿದು ಸ್ಥಳ ಕೊಟ್ಟರು.