ಈಟಿಯ ಮಂತ್ರವೂ ಬೆಳ್ಳುಳ್ಳಿಯ ಮದ್ದೂ

ಸಾವಿರ ವರ್ಷಗಳ ಹಿಂದೆ ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಜನರು ಅನೇಕ ರೋಗಗಳನ್ನು ಹೊರಗಿನಿಂದ ಬಂದೆರಗುವ ಪೀಡೆಗಳೆಂದು ಬಗೆದಿದ್ದರು. ಮೈಯಲ್ಲಿ ಥಟ್ಟನೆ ಚುಚ್ಚುನೋವೆದ್ದರೆ, ಅದು ‘ಎಲ್ಫ್’ ಎಂಬ ಅದೃಶ್ಯ ಜೀವಿಗಳೋ ಮಾಟಗಾತಿಯರೋ ಎಸೆದ ಸಣ್ಣ ಈಟಿ. ‘ಲಾಕ್ನುಂಗ’ ಎಂಬ ವೈದ್ಯಸಂಗ್ರಹದಲ್ಲಿ ಇದಕ್ಕೊಂದು ಉಪಚಾರವಿದೆ. ಫೀವರ್‌ಫ್ಯೂ, ಕೆಂಪು ನೆಟಲ್, ಪ್ಲಾಂಟೇನ್ ಎಂಬ ಮೂರು ಗಿಡಮೂಲಿಕೆಗಳನ್ನು ಬೆಣ್ಣೆಯಲ್ಲಿ ಕುದಿಸಬೇಕು; ಒಳಹೊಕ್ಕ ಈಟಿ ಹೊರಬರಲೆಂದು ಮಂತ್ರ ಹೇಳಬೇಕು; ಕೊನೆಗೆ ಚಾಕುವನ್ನು ದ್ರವದಲ್ಲಿ ಇಡಬೇಕು.

ಇದನ್ನೋದಿ ನಗುವವರ ಜೊತೆ ನಾವು ಸೇರಲಾರೆವು. ರೋಗಾಣುವನ್ನು ಕಂಡವರೇ ಇಲ್ಲದ ಕಾಲವದು. ನೋವುಂಡವನಿಗೆ ನೋವು ಈಟಿಯಂತೆಯೇ ತೋರಿದ್ದು ಸುಳ್ಳಲ್ಲ. ಆದರೆ ಇಂದು ಎದೆಯಲ್ಲಿ ಅಂಥ ನೋವೆದ್ದರೆ ಅದು ಹೃದಯಾಘಾತವಿರಬಹುದು. ಮಂತ್ರದ ಮೇಲೆ ನಂಬಿಕೆಯುಳ್ಳವರು ಆಸ್ಪತ್ರೆಗೆ ಹೊರಟ ವಾಹನದಲ್ಲಿ ಕುಳಿತೇ ಅದನ್ನು ಪಠಿಸಬಹುದಲ್ಲವೆ?

ಇನ್ನೊಂದು ಸಂಗತಿ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದೆ. 10ನೆಯ ಶತಮಾನದ ಹಸ್ತಪ್ರತಿಯಲ್ಲಿ ಉಳಿದಿರುವ ‘ಬಾಲ್ಡನ ವೈದ್ಯಗ್ರಂಥ’ದಲ್ಲಿ ಕಣ್ರೆಪ್ಪೆಯ ಕುರುವಿಗೆ ಒಂದು ಲೇಪವಿದೆ. ಬೆಳ್ಳುಳ್ಳಿಯನ್ನೂ ಈರುಳ್ಳಿ ಜಾತಿಯ ಮತ್ತೊಂದು ಗೆಡ್ಡೆಯನ್ನೂ ಜಜ್ಜಿ, ದ್ರಾಕ್ಷಾರಸದ ಮದ್ಯ ಹಾಗೂ ಗೂಳಿಯ ಪಿತ್ತರಸ ಬೆರೆಸಿ, ಲೋಹದ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಟ್ಟು, ಬಟ್ಟೆಯಲ್ಲಿ ಸೋಸಿ, ಗರಿಯಿಂದ ಕಣ್ಣಿಗೆ ಹಚ್ಚಬೇಕು. 2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ತಯಾರಿಸಿ ಪರೀಕ್ಷಿಸಿದರು. ಪ್ರಬಲ ಆ್ಯಂಟಿಬಯಾಟಿಕ್‌ಗಳಿಗೂ ಬಗ್ಗದ ಎಮ್‌ಆರ್‌ಎಸ್‌ಎ ಎಂಬ ರೋಗಾಣು ಪ್ರಯೋಗಾಲಯದಲ್ಲಿ ಇದರಿಂದ ಸತ್ತಿತು. ಬಿಡಿಬಿಡಿಯಾಗಿ ನೋಡಿದಾಗ ಯಾವ ಪದಾರ್ಥದಲ್ಲಿಯೂ ಅಷ್ಟು ಶಕ್ತಿ ಕಾಣಲಿಲ್ಲ. ಎಲ್ಲವೂ ಕೂಡಿದಾಗಲೇ ಗುಣ!

ಇಂಥ ಸುದ್ದಿ ಕೇಳಿದೊಡನೆ ‘ಹಿರಿಯರು ಹೇಳಿದ್ದೆಲ್ಲವೂ ನಿಜ’ ಎಂದು ಸಂಭ್ರಮಿಸುವವರಿದ್ದಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಅದೇ ಹಸ್ತಪ್ರತಿಯಲ್ಲಿ ಎಲ್ಫ್‌ಗಳ ಪೀಡೆಗೂ ಮದ್ದು ಬರೆದಿದೆ. ಬರೆದವರು ಎರಡನ್ನೂ ಸಮಾನ ಶ್ರದ್ಧೆಯಿಂದಲೇ ಬರೆದಂತಿದೆ. ಯಾವುದರಲ್ಲಿ ಗುಣವಿದೆ ಎಂಬುದು ಪುಟದ ಮೇಲೆ ಕಾಣುವುದಿಲ್ಲ. ಯಾರೋ ಪಾತ್ರೆ ಹಿಡಿದು, ತೂಗಿ, ಒಂಬತ್ತು ರಾತ್ರಿ ಕಾದು ನೋಡಬೇಕಾಯಿತು. ಗ್ರಂಥವನ್ನು ಹೊಗಳಿದವರಿಗಿಂತ ಹೀಗೆ ಪರೀಕ್ಷಿಸಿದವರೇ ಆ ಪ್ರಾಚೀನ ವೈದ್ಯನಿಗೆ ಹೆಚ್ಚಿನ ಗೌರವ ಸಲ್ಲಿಸಿದರೆಂದು ನಮ್ಮ ಭಾವನೆ.

ಒಂದು ಎಚ್ಚರಿಕೆ: ಪ್ರಯೋಗಾಲಯದಲ್ಲಿ ಗೆದ್ದದ್ದು ಕಣ್ಣಿಗೆ ಸುರಕ್ಷಿತವೆಂದಾಗದು. ಸದ್ಭಕ್ತರು ಯಾರೂ ಈ ಲೇಪವನ್ನಾಗಲಿ, ಬರಿಯ ಬೆಳ್ಳುಳ್ಳಿಯ ರಸವನ್ನಾಗಲಿ ಕಣ್ಣಿಗೆ ಹಚ್ಚಬಾರದು. ರೆಪ್ಪೆಯಲ್ಲಿ ಕುರುವೆದ್ದರೆ ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆಯಿಂದ ದಿನಕ್ಕೆ ಮೂರು-ನಾಲ್ಕು ಸಲ ಶಾಖ ಕೊಡಬಹುದು. ಇಳಿಯದಿದ್ದರೆ, ಇಲ್ಲವೆ ದೃಷ್ಟಿ ಮಂಜಾದರೆ, ನೇತ್ರವೈದ್ಯರನ್ನು ಕಾಣತಕ್ಕದ್ದು.